ಹತ್ತು ಬಲ್ಬಿನ ಕನ್ನಡಿ

ಹೇಳಿಬಿಟ್ಟರೆ ಭಾರ ಇಳಿಯುತ್ತದೆಯೋ, ಅಥವಾ ತನ್ನ ಎದೆಯಿಂದ ಇಳಿದು ಅವಳ ತಲೆಯ ಮೇಲೆ ಕೂರುತ್ತದೆಯೋ? ಹೇಳದೇ ಇದ್ದರೆ ಯಾರಿಗೇನು ನಷ್ಟ? ಆಗಬೇಕಾದ ನಷ್ಟ ಆಗಿಹೋಗಿದೆಯಲ್ಲ. ಇಲ್ಲ, ಆಗಿಹೋಗಿಲ್ಲ. ದಿನವೂ ಆಗುತ್ತಿದೆ. ಈ ಕ್ಷಣ, ಈ ಏಣಿಯ ಕೆಳಗೇ ಆಗುತ್ತಿದೆ. ಇವತ್ತು ಹೇಳಬೇಕು. ಆದರೆ ಗಿರಾಕಿ ಕೂತಿದ್ದಾರೆ. ನಾಳೆ ಬೆಳಿಗ್ಗೆ...

"ಕರೆಂಟು! ಇಳಿದು ಬನ್ನಿ ಒಂದ್ನಿಮಿಷ."

ಅವನು ಏಣಿಯ ಆರನೇ ಮೆಟ್ಟಿಲ ಮೇಲೆ ಹೊಸ ಟ್ಯೂಬ್‌ಲೈಟನ್ನು ತೋಳಿನಲ್ಲಿ ಮಲಗಿಸಿಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ ಅವನಿಗೇ ಗೊತ್ತಿರಲಿಲ್ಲ.

"ಮೇಲೇನು ಮನೆ ಕಟ್ಕೊಂಡ್ರಾ? ಬನ್ನಿ ಅಂದ್ರೆ."

ಇಳಿದ. ಹತ್ತು ಬಲ್ಬಿನ ಕನ್ನಡಿಯ ಮುಂದೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಎತ್ತರದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮಧ್ಯಾಹ್ನ ಅವಳಿಗೆ ಸಂದರ್ಶನವಂತೆ. ಅವನನ್ನು ಕರೆದ ಟೀಚರ್ ಅವಳ ಪಕ್ಕದಲ್ಲಿ ಒದ್ದೆ ಸ್ಪಂಜು ಹಿಡಿದು ನಿಂತಿದ್ದಳು.

"ಕುತ್ತಿಗೆ ನೋಡಿ, ಮುಖ ನೋಡಿ. ಎರಡೂ ಒಬ್ರದ್ದೇನಾ?"

ಹುಡುಗಿ ನಕ್ಕಳು. ಟೀಚರ್ ನಗಲಿಲ್ಲ. ಕಿಟಕಿಯ ಬಳಿ ಕರೆದೊಯ್ದು ನೋಡಿಯಾಗಿತ್ತು, ಕೈಗನ್ನಡಿಯಲ್ಲಿ ನೋಡಿಯಾಗಿತ್ತು. ಆದರೂ ಅವಳ ಕಣ್ಣು ಅವನ ಬಾಯಿಯನ್ನೇ ಕಾಯುತ್ತಿತ್ತು.

"ಒಬ್ರದ್ದೇ," ಎಂದ.

"ನಿಜವಾಗ್ಲೂ?"

"ನಿಜ, ಟೀಚರ್."

ಅವಳು ಉಸಿರು ಬಿಟ್ಟಳು. ಆ ಉಸಿರು ಅವನಿಗೆ ತಾಗಿತು. ಮೂರು ವಾರದ ಹಿಂದೆ ಅವಳು ಈ ಮಾತನ್ನು ಯಾರನ್ನೂ ಕೇಳುತ್ತಿರಲಿಲ್ಲ.

*

ಅದು ಐದು ಅಂತಸ್ತಿನ ಅಂಗಡಿ. ಬಟ್ಟೆ, ಪಾತ್ರೆ, ಚಪ್ಪಲಿ, ಹಾಸಿಗೆ ಎಲ್ಲ ಸಿಗುವಂಥದು. ಡಿಗ್ರಿ ಮುಗಿಸಿದ ಮೇಲೆ ಎರಡು ವರ್ಷ ಅಲ್ಲಿ ಇಲ್ಲಿ ಅರ್ಜಿ ಹಾಕಿ, ಕೊನೆಗೆ ಅಪ್ಪನಿಂದ ಕಲಿತ ವೈರಿಂಗ್ ಕೆಲಸವೇ ಕೈ ಹಿಡಿದು, ಅವನು ಆ ಕಟ್ಟಡದ ಎಲೆಕ್ಟ್ರಿಷಿಯನ್ ಆಗಿದ್ದ. ಸಾವಿರದ ಇನ್ನೂರು ದೀಪಗಳು ಅವನ ಲೆಕ್ಕದಲ್ಲಿದ್ದವು. ಮನುಷ್ಯರ ಜೊತೆ ಮಾತಾಡುವುದಕ್ಕಿಂತ ದೀಪದ ಜೊತೆ ಇರುವುದು ಅವನಿಗೆ ಹಗುರ. ದೀಪ ತಿರುಗಿ ಏನನ್ನೂ ಕೇಳುವುದಿಲ್ಲ.

ಎರಡನೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕ, ಅವಳ ಕೌಂಟರ್. ಮುಖಕ್ಕೆ ಹಚ್ಚುವ ಬಣ್ಣದ ಬಾಟಲಿ, ಡಬ್ಬಿ ಮಾರುವುದು ಅವಳ ಕೆಲಸ. ಆದರೆ ಅವಳನ್ನು ಹುಡುಕಿಕೊಂಡು ಬರುವವರು ಬರುತ್ತಿದ್ದದ್ದು ಬೇರೆಯದಕ್ಕೆ: ಸಂದರ್ಶನಕ್ಕೆ, ಮೊದಲ ದಿನದ ಡ್ಯೂಟಿಗೆ, ದೊಡ್ಡ ಮೀಟಿಂಗಿಗೆ ಹೊರಟ ಹೆಂಗಸರಿಗೆ ಅವಳು ಇಪ್ಪತ್ತು ನಿಮಿಷದಲ್ಲಿ 'ಆಫೀಸಿನ ಮುಖ' ಮಾಡಿಕೊಡುತ್ತಿದ್ದಳು.

ಅವಳದೊಂದು ರೀತಿ ಇತ್ತು. ಮುಖದ ಎಡ ಅರ್ಧ ಮಾತ್ರ ಅವಳು ಮಾಡುವಳು. ಆಮೇಲೆ ಸ್ಪಂಜನ್ನು ಗಿರಾಕಿಯ ಕೈಗೆ ಕೊಟ್ಟು, "ಅರ್ಧ ನಂದು, ಅರ್ಧ ನಿಮ್ದು. ನಾಳೆ ನಾನು ನಿಮ್ಮನೆಗೆ ಬರಲ್ಲ," ಎನ್ನುವಳು. ಕೈ ನಡುಗಿದರೆ ಗದರುವಳು, ಚೆನ್ನಾಗಿ ಮಾಡಿದರೆ "ಭೇಷ್" ಎನ್ನುವಳು. ಹಾಗಾಗಿಯೇ ಇಡೀ ಮಹಡಿ ಅವಳನ್ನು ಟೀಚರ್ ಎಂದು ಕರೆಯುತ್ತಿದ್ದದ್ದು.

ಬಣ್ಣ ಆರಿಸುವಾಗ ದವಡೆಯ ಅಂಚಿಗೆ ಮೂರು ಬಣ್ಣದ ಮೂರು ಗೆರೆ ಎಳೆಯುವಳು. "ನೋಡ್ತಾ ಇರಿ. ಯಾವುದು ಕಾಣೆಯಾಗುತ್ತೋ ಅದೇ ನಿಮ್ಮ ಬಣ್ಣ. ಕಾಣಿಸ್ಕೊಳ್ಳೋದು ಸುಲಭ ಕಣ್ರೀ, ಕಾಣೆಯಾಗೋದೇ ಕಷ್ಟ." ಕಣ್ಣಿನ ಕೆಳಗೆ ಚುಕ್ಕೆಯಷ್ಟು, ಮೂಗಿನ ಪಕ್ಕ ಒಂದಿಷ್ಟು, ಹುಬ್ಬಿಗೆ ಒಂದೊಂದೇ ಕೂದಲಿನ ಹಾಗೆ ಗೀರು, ನಕ್ಕಾಗ ಉಬ್ಬುವ ಜಾಗಕ್ಕೆ ಬೆರಳ ತುದಿಯಿಂದ ಒತ್ತಿದ ಕೆಂಪು, ತುಟಿಗೆ ತುಟಿಯದೇ ಬಣ್ಣ. ಮುಗಿದ ಮೇಲೆ ಗಿರಾಕಿಯನ್ನು ಮೆಟ್ಟಿಲ ಬಳಿಯ ದೊಡ್ಡ ಕಿಟಕಿಗೆ ಕರೆದೊಯ್ಯುವಳು. ಹಗಲ ಬೆಳಕಿನಲ್ಲಿ ಮುಖ ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಹಾಗೆ ಕಾಣ್ತಿದೀರಿ. ಹೋಗ್ಬನ್ನಿ," ಎನ್ನುವಳು. ಅಷ್ಟೇ ಅವಳ ಹೊಗಳಿಕೆ.

ಅವನು ಇದನ್ನೆಲ್ಲ ಏಣಿಯ ಮೇಲಿನಿಂದ ನೋಡಿ ಕಲಿತಿದ್ದ. ಎರಡನೇ ಮಹಡಿಯ ದೀಪಗಳು ಮಾತ್ರ ಏಕೆ ಅಷ್ಟು ಬೇಗ ಕೆಡುತ್ತವೆ ಎಂದು ಇನ್‌ಚಾರ್ಜ್ ಮೇಡಂ ಒಮ್ಮೆ ಕೇಳಿದ್ದರು. ಅವನು ವೋಲ್ಟೇಜಿನ ಮೇಲೆ ಹಾಕಿದ್ದ.

"ಏನ್ರೀ ಕರೆಂಟು, ಇವತ್ತು ಬಂತಾ, ಹೋಯ್ತಾ?" ಅವಳು ದಿನಾ ಬೆಳಿಗ್ಗೆ ಕೇಳುವಳು.

"ಬಂತು, ಟೀಚರ್."

"ಇಷ್ಟೇನಾ? ಒಂದು ವಾಕ್ಯಕ್ಕೆ ಎರಡೇ ಪದಾನಾ? ನಿಮ್ಮ ಮೀಟರು ಓಡಲ್ವಾ?"

ಅವನು ನಗುವನು. ಏಣಿ ಹತ್ತಿದ ಮೇಲೆ ಎಷ್ಟೋ ವಾಕ್ಯಗಳು ಬರುತ್ತಿದ್ದವು. ಅಷ್ಟರಲ್ಲಿ ಅವಳು ಬೇರೆ ಕಡೆ ತಿರುಗಿರುತ್ತಿದ್ದಳು.

*

ಅದು ಮೂರು ವಾರದ ಹಿಂದಿನ ಮಂಗಳವಾರ. ಅಂಗಡಿ ತೆರೆಯಲು ಇನ್ನೂ ಮುಕ್ಕಾಲು ಗಂಟೆ. ಅವಳ ಕನ್ನಡಿಯ ಸುತ್ತಲಿನ ಹತ್ತು ಬಲ್ಬುಗಳಲ್ಲಿ ಮೂರು ಸತ್ತಿದ್ದವು. ಹತ್ತನ್ನೂ ಒಟ್ಟಿಗೆ ಬದಲಾಯಿಸಲು ಮೇಡಂ ಹೇಳಿದ್ದರು.

ಸ್ಟೋರ್‌ರೂಮಿನ ಕಪಾಟಿನಲ್ಲಿ ಬಿಳಿ ಬಲ್ಬುಗಳ ಎರಡು ಡಬ್ಬಿ ತುಂಬಿ ಇದ್ದವು. ಅವುಗಳ ಪಕ್ಕದಲ್ಲಿ ಹಾಸಿಗೆ ವಿಭಾಗಕ್ಕೆಂದು ತರಿಸಿದ ಬೇರೆ ಬಲ್ಬುಗಳು. ತೀರಾ ಹಳದಿಯಲ್ಲ. ಬಿಳಿಗೆ ಒಂದು ತೊಟ್ಟು ಜೇನು ಬಿದ್ದಂತೆ. ಅವನು ಬಿಳಿಯದನ್ನು ಎತ್ತಿಕೊಳ್ಳುವಾಗ ಜೇನಿನದೂ ಒಂದು ಬುಟ್ಟಿಗೆ ಬಿದ್ದಿತ್ತು. ಹಳೆಯ ಹತ್ತನ್ನೂ ಬಿಚ್ಚಿಟ್ಟ ಮೇಲೆ ಕೈಗೆ ಮೊದಲು ಸಿಕ್ಕಿದ್ದು ಅದೇ. ತಿರುಗಿಸಿ ಹಾಕಿದ, ಹೊತ್ತಿಸಿದ. ತಪ್ಪಾಯಿತೆಂದು ಬಿಚ್ಚಲು ಕೈ ಎತ್ತುವಷ್ಟರಲ್ಲಿ ಅವಳು ಬಂದಳು.

ಅವಳು ಅವನನ್ನು ಗಮನಿಸದೆ ಕುರ್ಚಿಯಲ್ಲಿ ಕೂತು ಕೂದಲು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಪಿನ್ನು ಹಲ್ಲಿನಲ್ಲಿ ಕಚ್ಚಿದ್ದಳು. ಆ ಒಂದು ಬಲ್ಬಿನ ಬೆಳಕು ಅವಳ ಎಡ ಕೆನ್ನೆಯ ಮೇಲೆ ಬಿದ್ದಿತ್ತು. ದಿನವೂ ಬಿಳಿ ಬೆಳಕಿನಲ್ಲಿ ಚುರುಕಾಗಿ, ಸ್ವಲ್ಪ ದಣಿದು ಕಾಣುತ್ತಿದ್ದ ಮುಖ ಆ ಬೆಳಕಿನಲ್ಲಿ ಯಾರದೋ ಮನೆಯ ಒಳಕೋಣೆಯಲ್ಲಿ, ಯಾರಿಗೋ ಕಾಯುತ್ತ ಕೂತ ಮುಖದಂತೆ ಕಂಡಿತು. ಆ ಯಾರೋ ತಾನೇ ಎಂದು ಅವನಿಗೆ ಒಂದು ಗಳಿಗೆ ಅನಿಸಿಬಿಟ್ಟಿತು.

ಅವಳು ಬ್ಯಾಗ್ ಇಡಲು ಲಾಕರಿನ ಕಡೆ ಹೋದಳು. ಅವನು ಸ್ಟೋರ್‌ರೂಮಿಗೆ ಹೋಗಿ ಬಿಳಿಯವನ್ನು ಕಪಾಟಿಗೆ ವಾಪಸ್ ಇಟ್ಟು, ಇನ್ನೂ ಒಂಬತ್ತು ಜೇನಿನವನ್ನು ತಂದ. ಒಂದೊಂದಾಗಿ ಹಾಕಿದ. ಕೈ ತಪ್ಪಿ ಆದದ್ದು ಒಂದು ಬಲ್ಬು. ಉಳಿದ ಒಂಬತ್ತನ್ನು ಅವನು ಗೊತ್ತಿದ್ದೇ ಹಾಕಿದ್ದು.

ವಾಪಸ್ ಬಂದ ಅವಳು ಕನ್ನಡಿ ನೋಡಿ ತಲೆ ವಾರೆ ಮಾಡಿದಳು. "ಏನೋ ಬೇರೆ ಥರ ಇದ್ಯಲ್ಲಾ?"

"ಹೊಸದಲ್ವಾ ಟೀಚರ್. ಸ್ವಲ್ಪ ದಿನ ಹಾಗೇ. ಆಮೇಲೆ ಹೊಂದ್ಕೊಳ್ಳುತ್ತೆ."

"ನಿಮ್ಮ ಇಲಾಖೆ. ನೀವು ಹೇಳಿದ ಮೇಲೆ ಮುಗೀತು."

ಬೆಳಕಿನ ವಿಷಯದಲ್ಲಿ ಅವಳು ಅವನನ್ನು ಅಷ್ಟು ನಂಬಿದ್ದಳು. ಒಂದು ಗಂಟೆ ಕಳೆದರೆ ಕಣ್ಣು ಯಾವ ಬೆಳಕನ್ನಾದರೂ ಬಿಳಿ ಎಂದೇ ಒಪ್ಪಿಕೊಳ್ಳುತ್ತದೆ. ಅದೂ ಅವನಿಗೆ ಗೊತ್ತಿತ್ತು. ಹೇಗೂ ಕಿಟಕಿ ಇದೆಯಲ್ಲ, ಅಲ್ಲಿ ಸರಿ ನೋಡಿಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಅದೇ ಮಧ್ಯಾಹ್ನ ಮೇಡಂ ಅವನನ್ನು ಕರೆದು, ರಿಯಾಯಿತಿ ಮಾರಾಟದ ಬ್ಯಾನರನ್ನು ಮೆಟ್ಟಿಲ ಕಿಟಕಿಗೆ ಅಡ್ಡ ಕಟ್ಟಲು ಹೇಳಿದರು. ಶನಿವಾರದವರೆಗೆ. ಅವನೇ ಕಟ್ಟಿದ. ನಾಲ್ಕು ಮೂಲೆಗೂ ಬಿಗಿಯಾಗಿ.

*

ಬುಧವಾರ ಬೆಳಿಗ್ಗೆ ಬಂದವರಿಗೆ ನಲವತ್ತು ದಾಟಿತ್ತು. ತಂಗಿಯ ಕೋಟು ಹಾಕಿಕೊಂಡಿದ್ದರು. ತೋಳು ಒಂದು ಬೆರಳು ಉದ್ದವಾಗಿತ್ತು. ಹನ್ನೆರಡು ವರ್ಷ ಮನೆಯಲ್ಲಿದ್ದು ಈಗ ಮತ್ತೆ ಕೆಲಸಕ್ಕೆ. ಆಸ್ಪತ್ರೆಯೊಂದರ ಸ್ವಾಗತ ವಿಭಾಗದ ಮೇಲ್ವಿಚಾರಕಿ.

"ಬಣ್ಣ ಹಚ್ಕೊಂಡಿದೀನಿ ಅಂತ ಗೊತ್ತಾಗ್ಬಾರ್ದಮ್ಮ. ಸುಸ್ತು ಮಾತ್ರ ಕಾಣ್ಬಾರ್ದು."

"ಅದೇ ನನ್ನ ಕೆಲಸ ಅಕ್ಕ. ಕೂತ್ಕೊಳ್ಳಿ."

ಮೂರು ಗೆರೆ ಎಳೆದಳು. ಒಂದು ಕಾಣೆಯಾಯಿತು. ಜೇನಿನ ಬೆಳಕಿನಲ್ಲಿ ಕಾಣೆಯಾಯಿತು. ಎಡ ಅರ್ಧ ಮಾಡಿ ಸ್ಪಂಜು ಕೊಟ್ಟಳು. ಕೋಟಿನಕ್ಕ ನಿಧಾನವಾಗಿ, ನಾಲಿಗೆ ತುದಿ ಕಚ್ಚಿಕೊಂಡು ಬಲ ಅರ್ಧ ಮಾಡಿಕೊಂಡರು. "ಭೇಷ್!" ಎಂದಳು ಟೀಚರ್. ಕೆನ್ನೆಗೆ ಕೆಂಪು ಸಾಲದೆಂದು ಇನ್ನೊಂದಿಷ್ಟು ಒತ್ತಿದಳು. ಕಿಟಕಿಗೆ ಬ್ಯಾನರ್ ಇದ್ದುದರಿಂದ ಕನ್ನಡಿಯಲ್ಲೇ ತಿರುಗಿಸಿ ನೋಡಿ ಕಳಿಸಿದಳು.

ಗುರುವಾರ ಸಂಜೆ ಕೋಟಿನಕ್ಕ ಮತ್ತೆ ಬಂದರು. ಕೋಟು ಇರಲಿಲ್ಲ, ಮುಖದಲ್ಲಿ ಏನೂ ಇರಲಿಲ್ಲ. ಕೂಗಾಡಲಿಲ್ಲ. ಕೂಗಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಜಗಳಕ್ಕೆ ಬಂದಿಲ್ಲಮ್ಮ. ನಿನಗೆ ಗೊತ್ತಿರ್ಲಿ ಅಂತ ಬಂದೆ," ಎಂದರು. "ಅಲ್ಲಿ ಬಾಗಿಲ ಹತ್ರ ಕೂತಿದ್ದ ಹುಡುಗಿ ನನ್ನನ್ನ ನೋಡಿ, ಏನೂ ಮಾತಾಡ್ದೆ ಒಂದು ಟಿಶ್ಯೂ ಕೊಟ್ಲು. ಯಾಕೆ ಅಂತ ಗೊತ್ತಾಗ್ಲಿಲ್ಲ. ಲಿಫ್ಟಿನ ಕನ್ನಡೀಲಿ ನೋಡ್ಕೊಂಡೆ. ಬೂದಿ ಬಳಿದ ಹಾಗಿತ್ತು ಮುಖ. ಕೆನ್ನೆ ಮಾತ್ರ ಕೆಂಪಗೆ. ಅಷ್ಟರಲ್ಲಿ ಹೆಸರು ಕೂಗಿದ್ರು. ಒಳಗೆ ಹೋಗಿ ಏನು ಹೇಳಿದ್ನೋ ನನಗೇ ನೆನಪಿಲ್ಲ. ಕೈ ಪೂರ್ತಿ ಕೆನ್ನೆ ಮೇಲೇ ಇತ್ತು."

ಟೀಚರ್ ಕೈಯಲ್ಲಿದ್ದ ಸ್ಪಂಜನ್ನು ಕೆಳಗಿಟ್ಟಳು.

"ಬೇಜಾರ್ ಮಾಡ್ಕೋಬೇಡ. ನಿನಗೂ ಒಂದಿನ ತಪ್ಪಬಾರ್ದೇನು?" ಎಂದು ಅವಳ ಕೈ ತಟ್ಟಿ ಕೋಟಿನಕ್ಕ ಮೆಟ್ಟಿಲಿಳಿದರು.

ಅವನು ಆ ಹೊತ್ತಿನಲ್ಲಿ ಎಂಟು ಅಡಿ ದೂರದಲ್ಲಿದ್ದ. ಸ್ವಿಚ್‌ಬೋರ್ಡಿನ ಮುಂದೆ, ಬೆನ್ನು ತಿರುಗಿಸಿಕೊಂಡು, ಬಿಗಿಯಾಗಿಯೇ ಇದ್ದ ಸ್ಕ್ರೂ ಒಂದನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದ.

ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಹತ್ತೂ ಬಲ್ಬುಗಳನ್ನು ಬಿಳಿಗೆ ಬದಲಾಯಿಸಿದ.

ಅವಳು ಬಂದವಳೇ ಕೇಳಿದಳು, "ಕರೆಂಟು, ಒಂದು ಮಾತು. ಈ ಬಲ್ಬುಗಳು ಸರಿಯಾಗಿವೆಯಾ?"

"ಸರಿಯಾಗೇ ಇವೆ, ಟೀಚರ್. ನೀವೇ ನೋಡಿ. ಬಿಳಿ."

ಅವಳು ಹತ್ತನ್ನೂ ಒಂದೊಂದಾಗಿ ನೋಡಿದಳು. "ಹೌದು. ನೀವು ಹೇಳಿದ ಹಾಗೇ ಹೊಂದ್ಕೊಂಡಿದೆ," ಎಂದಳು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದು ಅಷ್ಟು ಕೊಳಕಾಗಿತ್ತು.

*

ಆಮೇಲೆ ಅವಳು ತನ್ನ ಕಣ್ಣನ್ನೇ ಅನುಮಾನಿಸತೊಡಗಿದಳು.

"ನಮ್ಮಮ್ಮ ಕಸೂತಿ ಹಾಕ್ತಿದ್ರು," ಎಂದಳು ಒಂದು ಮಧ್ಯಾಹ್ನ, ಕ್ಯಾಂಟೀನಿನ ಉದ್ದ ಬೆಂಚಿನಲ್ಲಿ, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ನಲವತ್ತರ ಹೊತ್ತಿಗೆ ಹಸಿರಿನ ಜಾಗಕ್ಕೆ ಕಂದು ದಾರ ಬರೋಕೆ ಶುರುವಾಯ್ತು. ನಾವು ಮಕ್ಕಳೆಲ್ಲ ನಗ್ತಿದ್ವಿ, ಅಮ್ಮ ಎಲೆ ಒಣಗ್ಸಿದ್ರು ಅಂತ. ಆಮೇಲೆ ಆರು ವರ್ಷಕ್ಕೆ ಅವರಿಗೆ ನಮ್ಮ ಮುಖಾನೇ ಕಾಣ್ಲಿಲ್ಲ. ಹೀಗೇ ಶುರುವಾಗೋದು, ಕರೆಂಟು. ಒಂದು ಬಣ್ಣದಿಂದ."

"ಡಾಕ್ಟರಿಗೆ ತೋರಿಸಿ."

"ತೋರಿಸ್ತೀನಿ. ಭಯ."

ಅವನೇ ಜೊತೆಗೆ ಹೋದ. ಕಣ್ಣಿನ ಡಾಕ್ಟರು ಚುಕ್ಕೆಗಳ ಪುಸ್ತಕ ತೋರಿಸಿದರು, ಲೆನ್ಸಿನಲ್ಲಿ ಇಣುಕಿದರು, "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ," ಎಂದು ನಕ್ಕರು. ಇಲ್ಲಿಗೆ ಮುಗಿಯಿತು ಎಂದು ಅವನ ಜೀವ ಹಗುರಾಯಿತು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ಹೇಳಿದಳು, "ಕಣ್ಣು ಕೆಟ್ಟಿದ್ರೆ ಕಣ್ಣಿನ ಮೇಲೆ ಹಾಕ್ಬಹುದಿತ್ತು. ಈಗ ಏನಿದೆ? ನನಗೇ ಕೆಲಸ ಮರೆತುಹೋಗಿದೆ ಅಂತಾಯ್ತು."

ಬಸ್ಸು ಬಂತು. ಅವನು ಅವಳನ್ನು ಹತ್ತಿಸಿ ಕೆಳಗೇ ನಿಂತ.

ಅದಕ್ಕೆ ಸರಿಯಾಗಿ ಪ್ರಧಾನ ಶಾಖೆಯಿಂದ ಸುತ್ತೋಲೆ ಬಂತು. ಎಲ್ಲ ಶಾಖೆಗಳ ಹುಡುಗಿಯರಿಗೆ ಕಲಿಸಲು ತರಬೇತುದಾರರು ಬೇಕು, ಸೋಮವಾರ ಪ್ರಾಯೋಗಿಕ ಪರೀಕ್ಷೆ. ಮೇಡಂ ಅವಳನ್ನು ಕೇಳದೆಯೇ ಅವಳ ಹೆಸರನ್ನು ಬರೆದು ಕಳಿಸಿದ್ದರು. ಆರು ವರ್ಷದಿಂದ ಅವಳು ಕಾಯುತ್ತಿದ್ದ ಜಾಗ ಅದು. ಮೇಡಮ್ಮಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಅಭ್ಯಾಸಕ್ಕೆ ಮುಖ ಬೇಕಲ್ಲ," ಎಂದಳು ಅವನಿಗೆ. "ನಿಮ್ಮದು ಖಾಲಿ ಇದ್ಯಾ?"

"ನನ್ನ ಮುಖಕ್ಕೆ ಏನು ಹಚ್ಚಿದ್ರೂ ಎಲೆಕ್ಟ್ರಿಷಿಯನ್ನೇ ಕಾಣೋದು."

"ಅಯ್ಯೋ, ವಾಕ್ಯ ಬಂತು! ಪೂರ್ತಿ ವಾಕ್ಯ! ಕೂತ್ಕೊಳ್ಳಿ, ಕೂತ್ಕೊಳ್ಳಿ."

ಅಂಗಡಿ ತೆರೆಯುವ ಮೊದಲಿನ ಆ ಅರ್ಧ ಗಂಟೆ. ಅವಳ ಬೆರಳು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿತು. ಒದ್ದೆ ಸ್ಪಂಜಿನ ತಂಪು ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಹಣೆಯ ಅಂಚಿಗೆ. ಅಷ್ಟು ಹತ್ತಿರದಿಂದ ಅವಳ ರೆಪ್ಪೆಗಳು ಒಂದೊಂದೂ ಬೇರೆ ಬೇರೆ ಕಾಣುತ್ತಿದ್ದವು. ಉಸಿರಿನಲ್ಲಿ ಏಲಕ್ಕಿಯ ವಾಸನೆ.

"ಅಲ್ಲಾಡ್ಬೇಡ," ಎಂದಳು.

ಅವನು ಬೆಚ್ಚಿದ. ಅವಳು ಮೊದಲ ಸಲ 'ನೀವು' ಬಿಟ್ಟಿದ್ದಳು. ಅವಳಿಗೂ ಗೊತ್ತಾಯಿತು. ಸ್ಪಂಜು ಅರೆಕ್ಷಣ ನಿಂತು ಮತ್ತೆ ನಡೆಯಿತು.

"ಕಣ್ಣು ಕೆಳಗೆ ಮಾಡು. ಇಷ್ಟು ಕಪ್ಪಾಗಿದೆ, ನಿದ್ದೆ ಮಾಡಲ್ವಾ ನೀನು?"

"ಬರಲ್ಲ."

"ಯಾರ ಯೋಚನೆ?" ಎಂದಳು, ತುಟಿಯ ಒಂದು ತುದಿಯಲ್ಲಿ ಮಾತ್ರ ನಗುತ್ತ.

ಆಗ ಹೇಳಬಹುದಿತ್ತು. ಎರಡನ್ನೂ ಹೇಳಬಹುದಿತ್ತು; ಯಾವುದನ್ನು ಹೇಳಿದರೂ ಇನ್ನೊಂದು ಹಿಂದೆಯೇ ಬರುತ್ತಿತ್ತು. ಅವನು ಸುಮ್ಮನಿದ್ದ. ಅವಳು ಆ ಮೌನವನ್ನು ನಾಚಿಕೆ ಎಂದುಕೊಂಡಳು. ಅವಳ ಕೆನ್ನೆ ಬಣ್ಣವಿಲ್ಲದೆಯೇ ಕೆಂಪಾಯಿತು. ಅದನ್ನು ಕಂಡು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಈಗ ಹೇಳು. ಕುತ್ತಿಗೆಗೆ ಹೊಂದುತ್ತಾ?"

"ಹೊಂದುತ್ತೆ."

"ನೀನು ಹೇಳಿದ್ರೆ ಸರಿ," ಎಂದಳು. ಆಮೇಲೆ ಸ್ಪಂಜನ್ನು ಕೆಳಗಿಟ್ಟು, ಕನ್ನಡಿಯಲ್ಲಿ ಅವನನ್ನಲ್ಲ, ತನ್ನ ಕೈಗಳನ್ನು ನೋಡಿಕೊಳ್ಳುತ್ತ ಹೇಳಿದಳು, "ಪರೀಕ್ಷೆಗೆ ನಿನ್ನನ್ನ ಜೇಬಲ್ಲಿ ಇಟ್ಕೊಂಡು ಹೋಗೋಕಾಗುತ್ತಾ? ಹೋಗಲ್ಲ ನಾನು. ನಾಳೆ ಮೇಡಮ್ಮಿಗೆ ಹೇಳಿ ಹೆಸರು ವಾಪಸ್ ತಗೋತೀನಿ. ಇನ್ನೊಬ್ಬರಿಗೆ ಟಿಶ್ಯೂ ಕೊಡಿಸೋದು ಬೇಡ."

*

ಮರುದಿನ ಅವಳು ಬರುವ ಹೊತ್ತಿಗೆ ಕನ್ನಡಿಯ ಸುತ್ತ ಹತ್ತೂ ಜೇನಿನ ಬಲ್ಬುಗಳು ಉರಿಯುತ್ತಿದ್ದವು. ಅವನು ಎತ್ತರದ ಕುರ್ಚಿಯಲ್ಲಿ ಕೂತಿದ್ದ.

"ಇದೇನು? ಬೆಳಕು..."

"ಕೊನೇ ಸಲ ಒಂದು ಅರ್ಧ ಹಾಕಿ, ಟೀಚರ್. ಆಮೇಲೆ ಹೇಳ್ತೀನಿ."

"ಹೇಳಿ ಆಮೇಲೆ ಹಾಕಿಸ್ಕೋ."

"ಹೇಳೋಕೆ ಬರಲ್ಲ ನನಗೆ. ಹಾಕಿ."

ಅವನ ದನಿಯಲ್ಲಿ ಏನು ಕೇಳಿಸಿತೋ, ಅವಳು ಸ್ಪಂಜು ತೊಯಿಸಿಕೊಂಡಳು. ದವಡೆಗೆ ಮೂರು ಗೆರೆ ಎಳೆದು ಕಾದಳು. ಒಂದು ಕಾಣೆಯಾಯಿತು. ನಿನ್ನೆ ಕಾಣೆಯಾದದ್ದಲ್ಲ, ಅದರ ಪಕ್ಕದ್ದು. ಅವಳ ಹುಬ್ಬು ಗಂಟಾಯಿತು. ಆದರೂ ಕೈ ನಿಲ್ಲಲಿಲ್ಲ. ಎಡ ಅರ್ಧ ಮುಗಿಯಿತು. ಕನ್ನಡಿಯಲ್ಲಿ ಚೆನ್ನಾಗಿತ್ತು.

"ಕಿಟಕಿಗೆ ಹೋಗೋಣ," ಎಂದು ಅವನು ಎದ್ದ.

ಬ್ಯಾನರ್ ತೆಗೆದು ದಿನಗಳಾಗಿದ್ದವು. ದೊಡ್ಡ ಗಾಜಿನಿಂದ ಬೆಳಗಿನ ಬೆಳಕು ಮೆಟ್ಟಿಲ ಮೇಲೆ ಚೌಕವಾಗಿ ಬಿದ್ದಿತ್ತು. ಅವನು ಆ ಚೌಕದ ನಡುವೆ ನಿಂತು ಅವಳ ಕಡೆ ಮುಖ ತಿರುಗಿಸಿದ. ಬಲ ಅರ್ಧ ಅವನದು. ಎಡ ಅರ್ಧ ಬೂದಿ, ಅದರ ನಡುವೆ ಕೆಂಪು.

ಅವಳು ತುಂಬ ಹೊತ್ತು ನೋಡಿದಳು. ಕೈ ಎತ್ತಿ ಆ ಬೂದಿಯನ್ನು ಮುಟ್ಟಲು ಹೋಗಿ ಮುಟ್ಟಲಿಲ್ಲ. ಕೆಳಗೆ ಯಾರೋ ಶಟರ್ ಎತ್ತಿದ ಸದ್ದು.

"ಯಾವತ್ತು ಹಾಕಿದ್ದು?" ಎಂದಳು.

"ಆ ಮಂಗಳವಾರ."

"ಯಾವತ್ತು ತೆಗೆದಿದ್ದು?"

"ಶುಕ್ರವಾರ. ನೀವು ಬರೋ ಮೊದಲು."

"ನಾನು ಕೇಳಿದ ದಿನ."

"ಹೂಂ."

"ಡಾಕ್ಟರ ಹತ್ರ ಬಂದ್ರಲ್ಲ, ನನ್ನ ಜೊತೆ. ಅಲ್ಲಿ ಕೂತಿದ್ರಲ್ಲ, ನನ್ನ ಬ್ಯಾಗ್ ಹಿಡ್ಕೊಂಡು. ನಮ್ಮಮ್ಮನ ಕಥೆ ಕೇಳಿದ್ರಲ್ಲ."

ಬಂದ್ರಲ್ಲ, ಕೂತಿದ್ರಲ್ಲ, ಕೇಳಿದ್ರಲ್ಲ. ಎಲ್ಲ ಬಹುವಚನ. ಅವಳು ಒಂದು ದಿನ ಕೊಟ್ಟ 'ನೀನು' ಅನ್ನು ವಾಪಸ್ ತೆಗೆದುಕೊಂಡಿದ್ದಳು. ಬೈದಿದ್ದರೂ ಇಷ್ಟು ದೂರವಾಗುತ್ತಿರಲಿಲ್ಲ.

"ಹೌದು," ಎಂದ.

"ಯಾಕೆ?"

ಒಂದೇ ಪದ. ಅದಕ್ಕೆ ಉತ್ತರ ಅವನ ನಾಲಿಗೆಯ ಮೇಲೆಯೇ ಇತ್ತು. ಆ ಮಂಗಳವಾರ ನೀವು ಪಿನ್ನು ಕಚ್ಚಿಕೊಂಡು ಕೂತಿದ್ದಿರಿ. ಆ ಬೆಳಕಿನಲ್ಲಿ ನಿಮ್ಮ ಮುಖ ನೋಡಬೇಕೆನಿಸಿತು, ದಿನವೂ ನೋಡಬೇಕೆನಿಸಿತು, ನನ್ನ ಆಸೆಗೆ ನಿಮ್ಮ ಕೆಲಸವನ್ನು, ಇನ್ನೊಬ್ಬರ ಸಂದರ್ಶನವನ್ನು ಸುಟ್ಟೆ. ಹಾಗೆ ಹೇಳಿದರೆ ಅದು ತಪ್ಪೊಪ್ಪಿಗೆಯೋ, ಪ್ರೇಮ ನಿವೇದನೆಯೋ? ಈ ಬೂದಿ ಮುಖ ಹೊತ್ತು ಅವಳ ಮುಂದೆ ಪ್ರೀತಿಯನ್ನು ಎಳೆದು ತಂದರೆ, ತಪ್ಪಿಗೆ ಬಣ್ಣ ಬಳಿದ ಹಾಗಾಗುವುದಿಲ್ಲವೇ? ಅಥವಾ ಇದೆಲ್ಲ ನೆಪ, ನಿಜವಾಗಿ ಇರುವುದು ಹೆದರಿಕೆ ಮಾತ್ರವೇ?

"ಸ್ಟೋರಲ್ಲಿ ಬಿಳಿದು ಖಾಲಿಯಾಗಿತ್ತು," ಎಂದ.

ಅವಳು ಕಣ್ಣು ಮುಚ್ಚಿದಳು. ತೆರೆದಾಗ ಒದ್ದೆಯಾಗಿದ್ದವು. ಆದರೆ ಅವುಗಳೊಳಗೆ ಇನ್ನೇನೋ ಇತ್ತು. ಮೂರು ವಾರದಿಂದ ಕಾಣೆಯಾಗಿದ್ದದ್ದು. ಅವಳು ತನ್ನ ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾರೋ ಕಳೆದುಕೊಂಡದ್ದನ್ನು ತಂದುಕೊಟ್ಟ ಹಾಗೆ ತಿರುಗಿಸಿ ನೋಡಿಕೊಂಡಳು.

"ನನ್ನ ಕೈಯಲ್ಲ," ಎಂದಳು ಮೆಲ್ಲಗೆ. "ಕಣ್ಣೂ ಅಲ್ಲ."

"ಅಲ್ಲ."

"ಮುಖ ತೊಳ್ಕೊಳ್ಳಿ. ಆಮೇಲೆ ನನಗೆ ಹೇಳಿದ್ದನ್ನ ಕೋಟಿನಕ್ಕನಿಗೂ ಹೇಳಿ. ರಿಜಿಸ್ಟರಲ್ಲಿ ನಂಬರ್ ಇದೆ."

*

ಕೌಂಟರಿನ ಫೋನಿನಿಂದಲೇ ಮಾಡಿದ. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಬಲ್ಬಿನ ವಿಷಯ ಹೇಳಿ ಮುಗಿಸಿದ.

"ಬಲ್ಬಾ?" ಎಂದರು ಕೋಟಿನಕ್ಕ. "ನಾನು ಮೂರು ವಾರದಿಂದ ಕನ್ನಡಿ ನೋಡಿಲ್ಲಪ್ಪ. ನನ್ನ ಮುಖಾನೇ ಆ ಕೆಲಸಕ್ಕೆ ಆಗಲ್ಲ ಅಂದ್ಕೊಂಡಿದ್ದೆ. ಬಲ್ಬಾ!"

ನಕ್ಕರೋ ಅತ್ತರೋ ತಿಳಿಯಲಿಲ್ಲ. ಆ ಆಸ್ಪತ್ರೆಯಲ್ಲಿ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಅದು ಸರಿಹೋಗುವ ಹಾಗಿರಲಿಲ್ಲ. ಟೀಚರ್ ಫೋನು ಕಸಿದುಕೊಂಡು, "ಅಕ್ಕ, ಮುಂದಿನ ಸಂದರ್ಶನ ಯಾವತ್ತಿದ್ರೂ ನಾನೇ ನಿಮ್ಮನೆಗೆ ಬರ್ತೀನಿ. ಎರಡೂ ಅರ್ಧ ನಾನೇ ಮಾಡ್ತೀನಿ," ಎಂದಳು.

ಮೇಡಮ್ಮಿಗೂ ಅವನೇ ಹೋಗಿ ಹೇಳಿದ. ಮೇಡಂ ಕನ್ನಡಕದ ಮೇಲಿನಿಂದ ನೋಡಿ, ಸಾಮಾನು ಮುಗಿದಾಗ ತಿಳಿಸುವುದಕ್ಕೆ ಏನು ರೋಗ ಎಂದು ಗದರಿ, ಒಂದು ಪತ್ರ ಬರೆಸಿಕೊಂಡು ಬಿಟ್ಟರು. ಆ ಪತ್ರದಲ್ಲೂ ಅವನು ಅದನ್ನೇ ಬರೆದ.

ಅವಳು ಹೆಸರು ವಾಪಸ್ ತೆಗೆದುಕೊಳ್ಳಲಿಲ್ಲ. ಸೋಮವಾರ ಅವಳು ಪರೀಕ್ಷೆಗೆ ಹೋದಳು. ಗೆದ್ದಳು.

ಹೊರಡುವ ದಿನ ತನ್ನ ಡಬ್ಬಿಗಳನ್ನು ಕಟ್ಟಿಕೊಂಡು ಏಣಿಯ ಬುಡಕ್ಕೆ ಬಂದಳು. ಆ ಎರಡು ವಾರದಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತು ಆಗಿರಲಿಲ್ಲ.

"ಏನ್ರೀ ಕರೆಂಟು. ಬಂತಾ, ಹೋಯ್ತಾ?"

ಅವನು ಇಳಿದ.

"ಎಷ್ಟು ಕೋಪ ಬಂದಿತ್ತು ಗೊತ್ತಾ?" ಎಂದಳು. "ಆಮೇಲೆ ಯೋಚನೆ ಮಾಡಿದೆ. ಬಲ್ಬು ಇರ್ಲಿಲ್ಲ, ಇರೋದನ್ನ ನೀನು ಹಾಕಿದೆ. ಆಮೇಲೆ ಹೆದರಿದೆ. ಅಷ್ಟೇ ತಾನೇ? ಯಾರಿಗಾದ್ರೂ ಆಗೋದೇ. ಕೊನೆಗಾದ್ರೂ ಹೇಳಿದ್ಯಲ್ಲ." ಅವಳು ಒಂದು ಸಣ್ಣ ಡಬ್ಬಿಯನ್ನು ಅವನ ಜೇಬಿಗೆ ಹಾಕಿದಳು. "ಕಣ್ಣಿನ ಕೆಳಗೆ ಚುಕ್ಕೆಯಷ್ಟೇ. ಜಾಸ್ತಿ ಬಳ್ಕೊಂಡು ನನ್ನ ಹೆಸರು ಕೆಡಿಸ್ಬೇಡ."

'ನೀನು' ವಾಪಸ್ ಬಂದಿತ್ತು. ಅವಳು ಕ್ಷಮಿಸಿದ್ದಳು, ಆದರೆ ಕ್ಷಮಿಸಿದ್ದು ಅವನು ಮಾಡದ ತಪ್ಪನ್ನು.

"ಇನ್ನೇನಾದ್ರೂ ಹೇಳೋದಿದ್ಯಾ?" ಎಂದಳು. ಕಾದಳು. ಬ್ಯಾಗಿನ ಪಟ್ಟಿಯನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ಇನ್ನಷ್ಟು ಹೊತ್ತು ಕಾದಳು.

"ಇಲ್ಲ, ಟೀಚರ್. ಹುಷಾರಾಗಿ ಹೋಗ್ಬನ್ನಿ."

"ಮೀಟರು ಓಡಲೇ ಇಲ್ಲ ನಿಂದು," ಎಂದು ನಕ್ಕು, ಆ ನಗು ಪೂರ್ತಿಯಾಗುವ ಮೊದಲೇ ತಿರುಗಿ ಮೆಟ್ಟಿಲಿಳಿದಳು. ಕಿಟಕಿಯ ಚೌಕದಲ್ಲಿ ಒಂದು ಗಳಿಗೆ ಅವಳ ಮುಖ ಬೆಳಗಿತು. ಹಗಲ ಬೆಳಕಿನಲ್ಲೂ ಅದು ಅಷ್ಟೇ ಚೆನ್ನಾಗಿತ್ತು. ಅದನ್ನು ನೋಡಲು ಅವನಿಗೆ ಯಾವ ಬಲ್ಬೂ ಬೇಕಿರಲಿಲ್ಲ.

ಒಂದೆರಡು ತಿಂಗಳಿಗೊಮ್ಮೆ ಅವಳ ಫೋನು ಬರುತ್ತದೆ. "ಹೊಸ ಬ್ಯಾಚು ಶುರುವಾಯ್ತು," ಎನ್ನುತ್ತಾಳೆ. "ಮೊದಲನೇ ಪಾಠ ನಿನ್ನದೇ. ಮುಖಕ್ಕಿಂತ ಮೊದಲು ಬಲ್ಬು ನೋಡಿ ಅಂತ ಹೇಳ್ತೀನಿ. ನಮ್ಮಲ್ಲೊಬ್ಬ ಎಲೆಕ್ಟ್ರಿಷಿಯನ್ ಇದ್ದ, ಪಾಪ, ಬಿಳಿ ಬಲ್ಬು ಸಿಗದೆ ಬೇರೇದು ಹಾಕಿದ್ದ ಅಂತ. ಎಲ್ಲರೂ ನಗ್ತಾರೆ."

ಅವನೂ ನಗುತ್ತಾನೆ. ಫೋನಿಟ್ಟು ಸ್ಟೋರ್‌ರೂಮಿಗೆ ಹೋಗಿ, ಬೇಕಾದ ಬಲ್ಬು ತೆಗೆದುಕೊಂಡು, ಕಪಾಟಿನ ಬಾಗಿಲು ಹಾಕುತ್ತಾನೆ.

ಆ ಮಂಗಳವಾರ ಕಪಾಟಿನಲ್ಲಿ ಬಿಳಿ ಬಲ್ಬುಗಳು ಎರಡು ಡಬ್ಬಿ ತುಂಬಿ ಇದ್ದವು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.